ಪಕ್ಷವಾತಕ್ಕೆ ‘ಗ್ರೋತ್ ಫ್ಯಾಕ್ಟರ್’ ಇಂಜೆಕ್ಷನ್ ಕೊಡಿಸಬೇಕೇ?

ಪ್ರಶ್ನೆ: ಅಪ್ಪನಿಗೆ ಮೂರು ವಾರದ ಹಿಂದೆ ಪಕ್ಷವಾತವಾಯಿತು. ರಕ್ತ ಸಿಗದ ಮಿದುಳಿನ ಕೋಶಗಳನ್ನು ಗ್ರೋತ್ ಫ್ಯಾಕ್ಟರ್ ಉಳಿಸುತ್ತದಂತೆ. ಆ ಇಂಜೆಕ್ಷನ್ ಕೊಡಿಸಲೇ? – ಓದುಗರು, ಬದಿಯಡ್ಕ

ಉತ್ತರ: ಬೇಡ. ಅಡಕೆ ಮಾರಿದ ದುಡ್ಡನ್ನು ಇದಕ್ಕೆ ಸುರಿಯಬೇಡಿ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಬರುತ್ತಿದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಗ್ರೋತ್ ಫ್ಯಾಕ್ಟರ್ ಎಂದರೆ ಕೋಶಗಳನ್ನು ಬೆಳೆಸುವ, ಉಳಿಸುವ ದೇಹದ್ದೇ ಪ್ರೋಟೀನ್. ಅದರಿಂದ ಕೋಶ ಉಳಿಯುವುದು ಸುಳ್ಳಲ್ಲ. ಆಮ್ಲಜನಕ ನಿಂತರೆ ನರಕೋಶದ ಇಂಧನವಾದ ಎಟಿಪಿ ಬರಿದಾಗುತ್ತದೆ, ಕೋಶಗಳ ನಡುವೆ ಸಂಕೇತ ಒಯ್ಯುವ ಗ್ಲುಟಮೇಟ್ ಹೊರಚೆಲ್ಲುತ್ತದೆ, ಕ್ಯಾಲ್ಸಿಯಂ ಒಳನುಗ್ಗಿ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾವನ್ನು ಕೆಡಿಸುತ್ತದೆ. ಬಿಡಿಎನ್‌ಎಫ್, ಐಜಿಎಫ್-1 ಮುಂತಾದ ಗ್ರೋತ್ ಫ್ಯಾಕ್ಟರುಗಳು ಕೋಶದ ಹೊರಪೊರೆಯ ಗ್ರಾಹಕದ ಮೇಲೆ ಕೂತು ಒಳಗಿನ ಎಕೆಟಿ ಕಿಣ್ವವನ್ನು ಎಬ್ಬಿಸುತ್ತವೆ. ಕೋಶವನ್ನು ಸಾವಿಗೆ ತಳ್ಳುವ ‘ಬ್ಯಾಡ್’ ಪ್ರೋಟೀನನ್ನು ಅದು ಕಟ್ಟಿಹಾಕುತ್ತದೆ. ಇನ್ನೊಂದು ದಾರಿಯಲ್ಲಿ, ಕೋಶವನ್ನು ಕಾಪಾಡುವ ಬಿಸಿಎಲ್-2 ಪ್ರೋಟೀನ್ ಹೆಚ್ಚುತ್ತದೆ. ಹೀಗೆ ಉಳಿಯಬಹುದಾದದ್ದು ಗಂಟೆಗಳ, ದಿನಗಳ ಮೇಲೆ ಸಾಯುವ ಅಂಚಿನ ಕೋಶಗಳು ಮಾತ್ರ. ರಕ್ತ ಪೂರ್ತಿ ನಿಂತ ನಡುಭಾಗ ನಿಮಿಷಗಳಲ್ಲೇ ಹೋಗಿರುತ್ತದೆ. ನಿಮ್ಮ ಅಪ್ಪನಿಗೆ ಮೂರು ವಾರ ಕಳೆದಿದೆ, ಆ ಹೊತ್ತು ಮೀರಿದೆ.

ಇಲಿಗಳಲ್ಲಿ ಇದು ಫಲಿಸಿದ್ದು ಹೇಗೆ? ಹಲವು ಪ್ರಯೋಗಗಳಲ್ಲಿ ನೇರ ಮಿದುಳಿಗೇ ಸೂಜಿ ಹಾಕಿದ್ದರು, ಅದೂ ರಕ್ತನಾಳ ಕಟ್ಟುವ ಮೊದಲೇ ಇಲ್ಲವೇ ಕಟ್ಟಿದ ಕೂಡಲೇ. ಕೈಯ ರಕ್ತನಾಳಕ್ಕೆ ಕೊಟ್ಟ ಬಿಡಿಎನ್‌ಎಫ್ ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ರಕ್ತ–ಮಿದುಳಿನ ತಡೆ ದಾಟುವುದು ತೀರಾ ಅಲ್ಪ. ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್ ಅನ್ನು ಬೇಗ ಕೊಟ್ಟರೆ ನಾಳಗಳು ಸೋರಿ ಮಿದುಳು ಬಾತುಕೊಳ್ಳುತ್ತದೆ. 2009ರ ಜರ್ಮನಿಯ ಪ್ರಯೋಗದಲ್ಲಿ, ಕೆಂಪು ರಕ್ತಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಪಡೆದವರಲ್ಲೇ ಹೆಚ್ಚು ಸಾವಾಯಿತು. ಹಂದಿಯ ಮಿದುಳಿನಿಂದ ತಯಾರಿಸುವ ಸೆರೆಬ್ರೊಲೈಸಿನ್ ಸಾವು ತಡೆಯುತ್ತದೆಂಬುದೂ ಸಾಬೀತಾಗಿಲ್ಲ. ಇದನ್ನೆಲ್ಲ ಮುಚ್ಚಿಟ್ಟು ಪ್ಯಾಕೇಜ್ ಮಾರುವವರ ಬಾಗಿಲಿಗೆ ಹೋಗಬೇಡಿ.

ಈಗ ಆಗಬೇಕಾದದ್ದು ದಿನವೂ ಫಿಸಿಯೊಥೆರಪಿ, ಬಿಪಿ–ಸಕ್ಕರೆ ಹಿಡಿತ, ನುಂಗುವಾಗ ಕೆಮ್ಮು ಬಂದರೆ ಪರೀಕ್ಷೆ. ಇನ್ನೊಮ್ಮೆ ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ ಇಲ್ಲವೇ ಮಾತು ತೊದಲಿದರೆ, ಕೊನೆಯದಾಗಿ ಸರಿಯಿದ್ದ ಗಂಟೆ ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಆಲ್ಟಿಪ್ಲೇಸ್‌ಗೆ ಅಲ್ಲಿಂದ 4.5 ಗಂಟೆಯಷ್ಟೇ ಅವಕಾಶ. ಕುಂಬಳೆ, ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದಾದರೆ, ಸಿ.ಟಿ. ಮತ್ತು ಈ ಮದ್ದು ಎರಡೂ ಇವೆಯೇ ಎಂದು ಹೊರಡುವಾಗಲೇ ಫೋನ್ ಮಾಡಿ ಕೇಳಿ. ಊರಿನ ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿಸಿ ಬೆಳಗಿನವರೆಗೆ ಕಾಯಬೇಡಿ. ಸಿ.ಟಿ.ಗೆ ಮೊದಲು ಆಸ್ಪಿರಿನ್ ಕೊಡಬೇಡಿ, ಆಗಿರುವುದು ರಕ್ತಸ್ರಾವವೂ ಇರಬಹುದು.

ಪ್ರಶ್ನೆ: ಬಿಡಿಎನ್‌ಎಫ್ ಮಾತ್ರೆ?
ಉತ್ತರ: ನುಂಗಿದ ಪ್ರೋಟೀನ್ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ.

ಪ್ರಶ್ನೆ: ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ?
ಉತ್ತರ: ಸಮಯ ಹಾಳು, ಅಷ್ಟೆ.

ಪ್ರಶ್ನೆ: ಹುಟ್ಟುವಾಗ ಉಸಿರುಕಟ್ಟಿದ ಮಗುವಿಗೆ ಎರಿಥ್ರೊಪೊಯೆಟಿನ್?
ಉತ್ತರ: 2022ರಲ್ಲಿ ಪ್ರಕಟವಾದ, ಸುಮಾರು 500 ಶಿಶುಗಳ ಪ್ರಯೋಗದಲ್ಲಿ ಮೈ ತಂಪಾಗಿಸುವ ಚಿಕಿತ್ಸೆಯ ಜೊತೆ ಕೊಟ್ಟರೂ ಲಾಭ ಕಾಣಲಿಲ್ಲ, ಗಂಭೀರ ತೊಂದರೆಗಳೇ ಹೆಚ್ಚಿದವು.