ಬಾವಿ ನೀರಿನಲ್ಲಿ ಇ. ಕೋಲಿ ಸಿಕ್ಕಿದೆ: ಅದು ನಮ್ಮ ಕರುಳಿನಲ್ಲೇ ಇರುವಾಗ ಹೆದರಬೇಕೇ? ಬಂದದ್ದು ಕಕ್ಕಸಿನಿಂದಲೋ ಹಟ್ಟಿಯಿಂದಲೋ?

1885ರಲ್ಲಿ ಥಿಯೊಡೊರ್ ಎಶೆರಿಕ್ ಶಿಶುಗಳ ಮಲದಲ್ಲಿ ಗುರುತಿಸಿದ ಈ ಬ್ಯಾಕ್ಟೀರಿಯಾದ ಹೆಚ್ಚಿನ ತಳಿಗಳು ನಿರುಪದ್ರವಿಗಳೇ. ಒ157ರಂಥ ಕೆಲವು ಮಾತ್ರ ರಕ್ತಭೇದಿ ತರುತ್ತವೆ. ಆದರೆ ಅದು ನೀರಿನಲ್ಲಿ ಕಂಡಿತೆಂದರೆ ಮಲದ ಅಂಶ ಸೇರಿರುವ ಸಾಧ್ಯತೆ ಬಲವಾಗಿದೆಯೆಂದೂ, ಅದೇ ದಾರಿಯಲ್ಲಿ ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ರೋಗಾಣುಗಳೂ ಬರಬಹುದೆಂದೂ ತಿಳಿಯಬೇಕು. ಆದ್ದರಿಂದಲೇ ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಅದು ಒಂದೂ ಇರಕೂಡದು.

ಕಾಸರಗೋಡಿನ ಮುರಕಲ್ಲಿನ ನೆಲದಲ್ಲಿ ತೂತು, ಬಿರುಕುಗಳು ಹೇರಳವಾಗಿರುವುದರಿಂದ ಮಳೆಗಾಲದಲ್ಲಿ ಕಕ್ಕಸು ಗುಂಡಿಯ ನೀರು ಸರಿಯಾಗಿ ಸೋಸಿಹೋಗದೆ ಬಾವಿಗಿಳಿಯುತ್ತದೆ. ಕೇರಳದ ಕಟ್ಟಡ ನಿಯಮ ಹೇಳುವ 7.5 ಮೀಟರ್ ಅಂತರ, ಗುಂಡಿ ಮೇಲ್ಗಡೆಯೂ ಬಾವಿ ಕೆಳಗಡೆಯೂ ಇರುವ ನಮ್ಮ ಗುಡ್ಡದ ಹಿತ್ತಿಲುಗಳಿಗೆ ಸಾಲದು ಎಂದೇ ನನ್ನ ಅಭಿಪ್ರಾಯ.

ದನದ ಕರುಳಿನಲ್ಲೂ ಇ. ಕೋಲಿ ಇರುವುದರಿಂದ ಅದರ ಎಣಿಕೆಯಿಂದ ಮೂಲ ತಿಳಿಯದು. ಅದಕ್ಕಾಗಿ ವಿಶೇಷ ಪ್ರಯೋಗಾಲಯಗಳು ಕರುಳಿನಲ್ಲೇ ಇರುವ ಬ್ಯಾಕ್ಟೀರಾಯ್ಡಿಸ್ ಎಂಬ ಬೇರೊಂದು ಬ್ಯಾಕ್ಟೀರಿಯಾ ಗುಂಪಿನ ಡಿಎನ್‌ಎ ಹುಡುಕುತ್ತವೆ. ಆಮ್ಲಜನಕವಿದ್ದಲ್ಲಿ ಬೆಳೆಯಲಾರದ ಈ ಜೀವಿಗಳು ಬಾವಿಯಲ್ಲಿ ವೃದ್ಧಿಯಾಗುವುದಿಲ್ಲ. ಮನುಷ್ಯರಲ್ಲಿಯೂ ದನಗಳಲ್ಲಿಯೂ ಬೇರೆ ಬೇರೆ ತಳಿಗಳಿರುವುದರಿಂದ, ಎಚ್‌ಎಫ್183 ಎಂಬ, ಮನುಷ್ಯರ ತಳಿಯ ಡಿಎನ್‌ಎ ಗುರುತು ಸಿಕ್ಕರೆ ಮೂಲ ಮನುಷ್ಯರದ್ದೆಂದು ಬಹುಮಟ್ಟಿಗೆ ಹೇಳಬಹುದು. (ಹಟ್ಟಿಯದ್ದಾದರೂ ಆ ನೀರು ಕುಡಿಯಲು ಯೋಗ್ಯವಲ್ಲ.)

ಸದ್ಯಕ್ಕೆ ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ. ಬ್ಲೀಚಿಂಗ್ ಪೌಡರ್ ಹಾಕಿದ ಮರುದಿನದ ವರದಿಯನ್ನು ನಂಬದೆ, ಮುಂದಿನ ದೊಡ್ಡ ಮಳೆಯ ಬಳಿಕ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.