ನಾಲ್ಕನೇ ಬೆಲ್ಟ್ ಕೊಳ್ಳುವ ಮೊದಲು

ಹಳೆಯ ಗಾಡಿಯ ಬೆಲ್ಟ್ ಕಿರುಚುತ್ತದೆ ಎಂಬ ಪ್ರಶ್ನೆ ಬಾರದ ವಾರವೇ ಇಲ್ಲ. ಕೇಳುವವರು ಅಷ್ಟರಲ್ಲಿ ಬೆಲ್ಟ್ ಬದಲಿಸಿರುತ್ತಾರೆ, ಸ್ಪ್ರೇ ಹೊಡೆದಿರುತ್ತಾರೆ, ಯಾರದೋ ಮಾತು ಕೇಳಿ ಸೋಪು ಉಜ್ಜಿರುತ್ತಾರೆ. ಕಾರಣ ಹುಡುಕುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಆಗಿರುತ್ತದೆ. ಇಲ್ಲಿ ಬೆಲ್ಟ್ ಎಂದರೆ ಎಂಜಿನ್ನಿನ ಬಲದಿಂದ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಹಲವು ಗಾಡಿಗಳಲ್ಲಿ ವಾಟರ್ ಪಂಪ್ (ಎಂಜಿನ್ ತಂಪಾಗಿಡುವ ಕೂಲೆಂಟ್ ಹರಿಸುವುದು) ಇವನ್ನು ತಿರುಗಿಸುವ ರಬ್ಬರ್ ಪಟ್ಟಿ. ಬಾನೆಟ್ ತೆರೆಯುವುದು, ಬೆಲ್ಟ್ ಎಲ್ಲಿದೆ ಎಂದು ನೋಡುವುದು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಹದಿನೈದು ವರ್ಷ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬೆಲ್ಟ್ ‘ಕೀಂಯ್’ ಎಂದು ಕಿರುಚುತ್ತದೆ. ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಒಂದೇ ವರ್ಷದಲ್ಲಿ ಮೂರು ಬೆಲ್ಟ್ ಹಾಕಿಸಿದೆ. ಪ್ರತಿ ಸಲ ಹತ್ತು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ. ಆಲ್ಟರ್ನೇಟರ್ ಸರಿಸಿ ಬಿಗಿ ಮಾಡುವ ಹಳೆಯ ಮಾದರಿ ಇದು. ಯಾವ ಕಂಪನಿಯ ಬೆಲ್ಟ್ ಹಾಕಿಸಲಿ?

ಉತ್ತರ: ಯಾವ ಕಂಪನಿಯದೂ ಬೇಡ. ಈಗಿರುವುದೇ ಇರಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗಿದೆ ನಿಮ್ಮ ಕಥೆ. ಮೂರು ಒಳ್ಳೆಯ ಬೆಲ್ಟ್‌ಗಳು ಒಂದೇ ರೀತಿ ಕೆಡುವುದಿಲ್ಲ. ಬೆಲ್ಟ್ ಕಿರುಚುತ್ತದೆ ಎಂದರೆ ಪುಲ್ಲಿಯ (ಬೆಲ್ಟ್ ಸುತ್ತುವ ಚಕ್ರ) ಮೇಲೆ ಜಾರುತ್ತಿದೆ ಎಂದರ್ಥ. ಅದನ್ನು ಜಾರಿಸುತ್ತಿರುವುದು ಯಾವುದು ಎಂದು ಮೊದಲು ಗೊತ್ತಾಗಬೇಕು.

ನಿಮ್ಮ ಪತ್ರದಲ್ಲೇ ದೊಡ್ಡ ಸುಳಿವಿದೆ: ‘ಹತ್ತು ದಿನ’. ಹೊಸ ಬೆಲ್ಟ್ ಹಾಕಿದ ಮೇಲೆ ಅದು ಪುಲ್ಲಿಯ ತೋಡುಗಳಲ್ಲಿ ಕೂತುಕೊಳ್ಳುತ್ತದೆ, ಸ್ವಲ್ಪ ಹಿಗ್ಗುತ್ತದೆ, ಬಿಗಿ ಕಡಿಮೆಯಾಗುತ್ತದೆ. ಸ್ಪ್ರಿಂಗ್ ಟೆನ್ಷನರ್ ಇರುವ ಗಾಡಿಯಲ್ಲಿ ಆ ಸಡಿಲವನ್ನು ಟೆನ್ಷನರ್ ತಾನೇ ಎಳೆದುಕೊಳ್ಳುತ್ತದೆ. ನಿಮ್ಮ ಗಾಡಿಯಲ್ಲಿ ಆ ಕೆಲಸ ಮನುಷ್ಯರೇ ಮಾಡಬೇಕು. ಹೊಸ ಬೆಲ್ಟ್ ಹಾಕಿ ಐದು-ಹತ್ತು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ತಣ್ಣಗಾದ ಮೇಲೆ ಬಿಗಿ ನೋಡಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಮೂರು ಸಲದಲ್ಲಿ ಒಮ್ಮೆಯಾದರೂ ಇದನ್ನು ಯಾರಾದರೂ ಮಾಡಿದರಾ? ಮಾಡಿಲ್ಲ ಎಂಬುದೇ ನನ್ನ ಅನುಮಾನ. ಜಾರಿದ ಬೆಲ್ಟ್ ಬಿಸಿಯಾಗಿ ಅದರ ಮೈ ಗಾಜಿನ ಹಾಗೆ ನಯವಾಗುತ್ತದೆ. ಆಮೇಲೆ ಬಿಗಿ ಮಾಡಿದರೂ ಹಿಡಿತ ಪೂರ್ತಿ ಬರುವುದಿಲ್ಲ.

ಎಷ್ಟು ಬಿಗಿ? ಅತಿ ಉದ್ದದ ಭಾಗದ ನಡುವೆ ಸುಮಾರು 10 ಕಿಲೋ ಭಾರದಷ್ಟು ಒತ್ತಿದರೆ 10 ಮಿಲಿಮೀಟರ್ ಆಸುಪಾಸು ಬಾಗುವುದು ಹಲವು ಹಳೆಯ ಗಾಡಿಗಳಿಗೆ ಹೊಂದುವ ಅಂದಾಜು. ಹೊಸ ಬೆಲ್ಟ್ ಇದಕ್ಕಿಂತ ಕಡಿಮೆ ಬಾಗಬೇಕು. ಕೊನೆಯ ಮಾತು ನಿಮ್ಮ ಗಾಡಿಯ ಮ್ಯಾನುಯಲ್‌ನದು. ‘ಶಬ್ದ ನಿಲ್ಲುವ ತನಕ ಟೈಟ್ ಮಾಡಿ’ ಎನ್ನುವವರ ಕೈಗೆ ಮಾತ್ರ ಸ್ಪ್ಯಾನರ್ ಕೊಡಬೇಡಿ. ಶಬ್ದ ನಿಲ್ಲುತ್ತದೆ, ನಿಜ. ಆದರೆ ಆಲ್ಟರ್ನೇಟರ್ ಮತ್ತು ವಾಟರ್ ಪಂಪ್‌ನ ಬೇರಿಂಗ್‌ಗಳು ಆ ಎಳೆತಕ್ಕೆ ಬೇಗ ಸವೆದು ಹೋಗುತ್ತವೆ. ಬೆಲ್ಟ್ ಕೆಲಸದಲ್ಲಿ ಮುಗಿಯಬೇಕಾದದ್ದು ವಾಟರ್ ಪಂಪ್ ಬದಲಿಸುವ ಕೆಲಸಕ್ಕೆ ಬಂದು ನಿಂತದ್ದನ್ನು ಎಷ್ಟು ಸಲ ನೋಡಿದ್ದೇನೋ.

ಬೆಳಗ್ಗೆ ಮಾತ್ರ ಯಾಕೆ ಎನ್ನುತ್ತೀರಾ? ಸ್ಟಾರ್ಟರ್ ಮೋಟಾರ್ ಬ್ಯಾಟರಿಯಿಂದ ಒಮ್ಮೆಲೇ ತುಂಬ ಕರೆಂಟ್ ಎಳೆಯುತ್ತದೆ. ಎಂಜಿನ್ ಹತ್ತಿಕೊಂಡ ಕೂಡಲೇ ಆಲ್ಟರ್ನೇಟರ್ ಅದನ್ನು ತುಂಬಲು ಶುರು ಮಾಡುತ್ತದೆ. ಆ ಹೊತ್ತಿಗೆ ಅದನ್ನು ತಿರುಗಿಸುವುದು ಬೆಲ್ಟ್‌ಗೆ ತುಂಬ ಭಾರ. ಬೆಲ್ಟ್ ತಣ್ಣಗಿರುತ್ತದೆ, ಪುಲ್ಲಿಯ ಮೇಲೆ ಇಬ್ಬನಿಯ ತೇವ ಇರಬಹುದು. ಬ್ಯಾಟರಿ ಸುಸ್ತಾಗಿದ್ದರೆ ಈ ಭಾರ ಇನ್ನೂ ಜಾಸ್ತಿ ಹೊತ್ತು ಇರುತ್ತದೆ. ಹಾಗಾಗಿ ಬ್ಯಾಟರಿಯನ್ನೂ ಪರೀಕ್ಷೆ ಮಾಡಿಸಿ. ಬೆಲ್ಟ್ ಕಿರುಚುವ ಎಷ್ಟೋ ಗಾಡಿಗಳಲ್ಲಿ ಇದನ್ನು ಯಾರೂ ಮುಟ್ಟಿಯೇ ಇರುವುದಿಲ್ಲ.

ಈಗ ಪರೀಕ್ಷೆ. ಶಬ್ದ ಬರುತ್ತಿರುವಾಗಲೇ ಹೆಡ್‌ಲೈಟ್, ಬ್ಲೋವರ್ ಹಾಕಿ. ಶಬ್ದ ಏರಿದರೆ ಜಾರುತ್ತಿರುವುದು ಆಲ್ಟರ್ನೇಟರ್ ಪುಲ್ಲಿಯ ಮೇಲೆ. ಎ.ಸಿ. ಹಾಕಿದ ಕ್ಷಣ ಕಿರುಚಿದರೆ ಕಂಪ್ರೆಸರ್ ಕಡೆ ನೋಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಿರುಚಿದರೆ ಸ್ಟೀರಿಂಗ್ ಪಂಪ್. ಎಲೆಕ್ಟ್ರಿಕ್ ಸ್ಟೀರಿಂಗ್ ಇದ್ದರೆ ಅಂಥ ಪಂಪ್ ಇರುವುದಿಲ್ಲ, ಆ ಭಾರವೂ ಆಲ್ಟರ್ನೇಟರ್ ಮೇಲೇ ಬೀಳುತ್ತದೆ.

ಶಬ್ದದ ಜಾತಿಯನ್ನೂ ಕೇಳಿಸಿಕೊಳ್ಳಿ. ಎಳೆದು ಕಿರುಚುವುದು ಬೇರೆ, ಹಕ್ಕಿಯ ಹಾಗೆ ‘ಚಿಕ್ ಚಿಕ್’ ಎಂದು ತಾಳ ಹಿಡಿದು ಬರುವುದು ಬೇರೆ. ಎಳೆದ ಕಿರುಚಾಟ ಜಾರುವಿಕೆಯದು. ಚಿಕ್ ಚಿಕ್ ಹೆಚ್ಚಾಗಿ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದ್ದರ ಗುರುತು. ಅನುಮಾನ ಇದ್ದರೆ ಸ್ಪ್ರೇ ಬಾಟಲಿಯಲ್ಲಿ ಶುದ್ಧ ನೀರು ತುಂಬಿ, ಎಂಜಿನ್ ಐಡಲ್‌ನಲ್ಲಿರುವಾಗ, ದೂರದಿಂದ ಬೆಲ್ಟ್‌ನ ಪಟ್ಟೆಗಳಿರುವ ಒಳಮೈಗೆ ಸ್ವಲ್ಪ ಚಿಮುಕಿಸಿ. ಶಬ್ದ ತಕ್ಷಣ ಜೋರಾದರೆ ಬಿಗಿ ಸಾಲದು. ಕೆಲವು ಸೆಕೆಂಡ್ ಅಡಗಿ ಮತ್ತೆ ಬಂದರೆ ಸಾಲು ತಪ್ಪಿದೆ. ಏನೂ ಬದಲಾಗದಿದ್ದರೆ ಯಾವುದಾದರೂ ಬೇರಿಂಗ್ ಮೇಲೆ ಅನುಮಾನ ಪಡಿ.

ಸಾಲು ತಪ್ಪಿದೆ ಎಂದಾದರೆ ಹಳೆಯ ಗಾಡಿಯಲ್ಲಿ ನಾನು ಮೊದಲು ನೋಡುವುದು ಕ್ರ್ಯಾಂಕ್ ಪುಲ್ಲಿ, ಅಂದರೆ ಎಂಜಿನ್ನಿನಿಂದಲೇ ತಿರುಗಿ ಬೆಲ್ಟನ್ನು ಓಡಿಸುವ ಪುಲ್ಲಿ. ಹಲವು ಗಾಡಿಗಳಲ್ಲಿ ಅದು ಒಂದೇ ತುಂಡಲ್ಲ. ಒಳಗೊಂದು ಹಬ್, ಹೊರಗೊಂದು ಬಳೆ, ನಡುವೆ ರಬ್ಬರ್. ವರ್ಷಗಳ ಬಿಸಿಗೆ ಆ ರಬ್ಬರ್ ಬಿರುಕು ಬಿಟ್ಟರೆ ಹೊರಬಳೆ ಹಿಂದೆ-ಮುಂದೆ ಸರಿಯುತ್ತದೆ, ಇಲ್ಲವೇ ಓಲಾಡುತ್ತದೆ. ದೂರ ನಿಂತು, ಐಡಲ್‌ನಲ್ಲಿ ಅದು ನೆಟ್ಟಗೆ ತಿರುಗುತ್ತಿದೆಯೇ ನೋಡಿ. ಓಲಾಡುತ್ತಿದ್ದರೆ ಬೆಲ್ಟ್ ಮರೆತುಬಿಡಿ, ಪುಲ್ಲಿಯನ್ನೇ ಬದಲಿಸಿ.

ಇದ್ಯಾವುದೂ ಅಲ್ಲದಿದ್ದರೆ ಬೆಲ್ಟ್ ಬಿಚ್ಚಿ, ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ. ಮರಳು ಸಿಕ್ಕಿಕೊಂಡ ಹಾಗೆ ಕರಕರ ಎಂದರೆ, ಅಲುಗಾಡಿಸಿದಾಗ ಸಡಿಲ ಇದ್ದರೆ, ಆ ಬೇರಿಂಗ್ ಹೋಗಿದೆ. ವಾಟರ್ ಪಂಪ್ ಕೆಳಗೆ ಒಣಗಿದ ಕೂಲೆಂಟ್ ಕಲೆ, ಮೇಲಿನಿಂದ ಎಂಜಿನ್ ಆಯಿಲ್ ತೊಟ್ಟಿಕ್ಕುವುದು ಕಂಡರೆ ಮೊದಲು ಸೋರಿಕೆ ನಿಲ್ಲಿಸಿ. ಆಯಿಲ್ ಕುಡಿದ ಬೆಲ್ಟ್ ಉಬ್ಬಿ ಮೆತ್ತಗಾಗುತ್ತದೆ, ಒರೆಸಿದರೆ ಸರಿಹೋಗುವುದಿಲ್ಲ. ಪುಲ್ಲಿಗಳನ್ನು ಶುಚಿ ಮಾಡಿ ಆಮೇಲೆ ಹೊಸ ಬೆಲ್ಟ್ ಹಾಕಿ. ನೀವು ನಾಲ್ಕನೆಯದನ್ನು ಕೊಳ್ಳುವುದಿದ್ದರೆ ಆಗ ಕೊಳ್ಳಿ.

ಇನ್ನೊಂದು ಮಾತು, ಇದನ್ನು ಹೇಳದೆ ಬಿಡಲಾರೆ. ಓಡುವ ಎಂಜಿನ್ನಿನ ಬೆಲ್ಟ್ ಹತ್ತಿರ ಕೈ ತರಬೇಡಿ. ಮುಟ್ಟಿ ನೋಡುವ ಕೆಲಸವೆಲ್ಲ ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡ ಮೇಲೆ. ಹಲವು ಗಾಡಿಗಳಲ್ಲಿ ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು. ಉದ್ದನೆಯ ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಬೇರಿಂಗ್ ಶಬ್ದ ಕೇಳುವ ಪದ್ಧತಿ ಇದೆ. ಅನುಭವ ಇದ್ದವರೂ ಮಾಡುತ್ತಾರೆ. ನಾನು ಮಾಡುವುದಿಲ್ಲ, ಯಾರಿಗೂ ಹೇಳಿಕೊಡುವುದೂ ಇಲ್ಲ. ಕಲಿಯುವ ದಿನಗಳಲ್ಲಿ ನನ್ನ ತೋಳಿನ ಬಟ್ಟೆ ಬೆಲ್ಟ್‌ಗೆ ಸಿಕ್ಕಿತ್ತು. ಬಟ್ಟೆ ಹರಿಯಿತು, ಕೈ ಉಳಿಯಿತು. ಆ ಭಯ ಇವತ್ತಿಗೂ ಹೋಗಿಲ್ಲ.

ಪ್ರಶ್ನೆ: ಬೆಲ್ಟ್ ಮೇಲೆ ಸೋಪು, ಮೇಣ, ಪೌಡರ್, ಬೆಲ್ಟ್ ಸ್ಪ್ರೇ ಇವುಗಳಲ್ಲಿ ಯಾವುದು ಉತ್ತಮ?

ಉತ್ತರ: ಯಾವುದೂ ಅಲ್ಲ. ಅಂಟು ಸ್ಪ್ರೇ ಧೂಳನ್ನು ಹಿಡಿದು ಪುಲ್ಲಿಯ ತೋಡುಗಳಲ್ಲಿ ಗಟ್ಟಿಯಾಗಿ ಕೂರಿಸುತ್ತದೆ. ಶಬ್ದ ಅಡಗುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಇದನ್ನು ‘ಸರ್ವಿಸ್’ ಎಂದು ಹೇಳಿ ಹಣ ಪಡೆಯುವುದು ಮೋಸ.

ಪ್ರಶ್ನೆ: ನೀರು ಚಿಮುಕಿಸಿದಾಗ ಶಬ್ದ ನಿಂತಿತು. ಇನ್ನು ವಾರಕ್ಕೊಮ್ಮೆ ಹಾಗೇ ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು. ನೀರು ಪರೀಕ್ಷೆಗೆ ಮಾತ್ರ.

ಪ್ರಶ್ನೆ: ಬೆಲ್ಟ್‌ನಲ್ಲಿ ಒಂದು ಬಿರುಕೂ ಇಲ್ಲ. ಹಾಗಾದರೆ ಬೆಲ್ಟ್ ಚೆನ್ನಾಗಿದೆ ಎಂದೇ ಅರ್ಥ ತಾನೇ?

ಉತ್ತರ: ಇದು ಹಳೆಯ ಕಾಲದ ಲೆಕ್ಕ. ಮೊದಲು ಬೆಲ್ಟ್‌ಗಳು ನಿಯೋಪ್ರೀನ್ ರಬ್ಬರಿನವು, ವಯಸ್ಸಾದರೆ ಬಿರುಕು ಬಿಡುತ್ತಿದ್ದವು. 2000ರ ಆಸುಪಾಸಿನಿಂದ ಹೆಚ್ಚಾಗಿ ಬರುತ್ತಿರುವುದು ಇಪಿಡಿಎಂ ರಬ್ಬರಿನವು. ಇವು ಬಿರುಕು ಬಿಡುವುದು ಕಡಿಮೆ, ಟೈರಿನ ಹಾಗೆ ಸವೆಯುತ್ತವೆ. ಪಟ್ಟೆಗಳ ನಡುವಿನ ಕಣಿವೆ ಅಗಲವಾಗುತ್ತದೆ, ಬೆಲ್ಟ್ ಪುಲ್ಲಿಯೊಳಗೆ ಇನ್ನಷ್ಟು ಕೆಳಗೆ ಇಳಿಯುತ್ತದೆ, ಹಿಡಿತ ತಪ್ಪುತ್ತದೆ. ಕಣ್ಣಿಗೆ ಹೊಸದರ ಹಾಗೇ ಕಾಣುತ್ತದೆ. ಕಣಿವೆಯಲ್ಲಿ ಇಟ್ಟು ಅಳೆಯುವ ಪುಟ್ಟ ಗೇಜ್ ಸಿಗುತ್ತದೆ, ಅದರಿಂದ ಅಳೆಯಿರಿ. ಇನ್ನೂ ಹಳೆಯ ವಿ-ಬೆಲ್ಟ್ (ಪಟ್ಟೆಗಳಿಲ್ಲದ, ‘V’ ಆಕಾರದ ಬೆಲ್ಟ್) ಆದರೆ ಪುಲ್ಲಿಯ ತೋಡಿನ ತಳ ನೋಡಿ. ಅದು ಪಕ್ಕಗಳಿಂದ ಹಿಡಿಯಬೇಕಾದ ಬೆಲ್ಟ್. ತಳ ಹೊಳೆಯುತ್ತಿದ್ದರೆ ಬೆಲ್ಟ್ ಅಲ್ಲಿಗೆ ಮುಟ್ಟುತ್ತಿದೆ, ಅಂದರೆ ಬೆಲ್ಟ್ ಅಥವಾ ಪುಲ್ಲಿ ಸವೆದಿದೆ.

ಪ್ರಶ್ನೆ: ಟೈಮಿಂಗ್ ಬೆಲ್ಟ್ ಜಾರಿ ಹೀಗೆ ಕಿರುಚುತ್ತಿದೆ ಎಂದು ಮೆಕ್ಯಾನಿಕ್ ಹೇಳಿದರು. ನಿಜವೇ?

ಉತ್ತರ: ಟೈಮಿಂಗ್ ಬೆಲ್ಟ್ ಎಂಜಿನ್ನಿನ ವಾಲ್ವ್‌ಗಳ ತಾಳ ಕಾಯುವ ಬೇರೆಯೇ ಬೆಲ್ಟ್. ಅದಕ್ಕೆ ಹಲ್ಲುಗಳಿವೆ, ಈ ರೀತಿ ಜಾರಿ ಕಿರುಚುವುದಿಲ್ಲ. ಬೇರೆ ಮೆಕ್ಯಾನಿಕ್ ನೋಡಿ.

ಪ್ರಶ್ನೆ: ಶಬ್ದ ಇದ್ದರೂ ಗಾಡಿ ಚೆನ್ನಾಗೇ ಓಡುತ್ತಿದೆ. ಇನ್ನೆಷ್ಟು ದಿನ ಹೀಗೇ ಓಡಿಸಬಹುದು?

ಉತ್ತರ: ದಿನದ ಲೆಕ್ಕ ಕೊಡಲಾರೆ. ನಿಮ್ಮ ಗಾಡಿಯಲ್ಲಿ ವಾಟರ್ ಪಂಪನ್ನು ಇದೇ ಬೆಲ್ಟ್ ತಿರುಗಿಸುತ್ತದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಹೌದಾದರೆ, ಬೆಲ್ಟ್ ತುಂಡಾದ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದು ಹೋಗುತ್ತದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಸುಡಬಹುದು. ಕಿರುಚಾಟದ ಜೊತೆಗೆ ಕೆಂಪು ಬ್ಯಾಟರಿ ದೀಪ ಹತ್ತಿದರೆ, ಅಥವಾ ಕಿರುಚಾಟ ತಟ್ಟನೆ ನಿಂತು ಆ ದೀಪ ಹತ್ತಿಕೊಂಡರೆ, ‘ಮನೆವರೆಗೆ ಹೋಗಿಬಿಡೋಣ’ ಎನ್ನಬೇಡಿ. ಸುರಕ್ಷಿತ ಜಾಗ ಕಂಡ ತಕ್ಷಣ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ. ರೇಡಿಯೇಟರ್ ಮುಚ್ಚಳ ಬಿಸಿಯಿರುವಾಗ ತೆಗೆಯಬೇಡಿ. ಬೆಲ್ಟ್ ಪುಲ್ಲಿಯ ಮೇಲೆ ಇಲ್ಲದಿದ್ದರೆ ಗಾಡಿಯನ್ನು ಎಳೆಸಿಕೊಂಡೇ ಹೋಗಿ.