ಎರವಲು ಹೋಗಿ ಬಂದ ಚೈನ್‌ಸಾ

ನೆರೆಯವರು ಒಯ್ದು ತಂದ ಮೇಲೆ ಮರ ಕೊಯ್ಯುವ ಚೈನ್‌ಸಾ ಸ್ಟಾರ್ಟ್ ಆಗುತ್ತಿಲ್ಲ, ಹಗ್ಗ ಎಳೆದರೆ ಹಗುರವಾಗಿ ಬರುತ್ತದೆ ಎಂದಿದ್ದೀರಿ. ಹಾಗಾದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಹೋಗಿರಬೇಕು. ಕಾರ್ಬ್ಯುರೇಟರ್ ಗೋಜಿಗೆ ಹೋಗುವ ಮೊದಲು ಸೈಲೆನ್ಸರ್ ಕಳಚಿ, ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಮೈ ನುಣುಪಾಗಿದ್ದರೆ ನಿಮ್ಮ ಪುಣ್ಯ. ಉದ್ದುದ್ದ ಗೀರುಗಳಿದ್ದರೆ, ಟು-ಟಿ (ಟು-ಸ್ಟ್ರೋಕ್ ಎಂಜಿನ್) ಆಯಿಲ್ ಬೆರೆಸದೆ ಬರೀ ಪೆಟ್ರೋಲಿನಲ್ಲಿ ಓಡಿಸಿದ್ದಾರೆಂದೇ ನನ್ನ ಅನುಮಾನ. (ಎಂಜಿನ್ನಿನೊಳಕ್ಕೆ ಗಾಳಿ ಸೋರಿದರೂ ಹೀಗಾಗುವುದುಂಟು, ನೆರೆಯವರ ಮೇಲೆ ಈಗಲೇ ಏರಿ ಹೋಗಬೇಡಿ.) ಪಕ್ಕದ ಟ್ಯಾಂಕಿನ ಎಣ್ಣೆ ಚೈನಿಗೆ ಮಾತ್ರ, ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆತದ್ದೇ ಗತಿ. ಸಾಮಾನ್ಯವಾಗಿ 50:1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್.

ಗೀರು ಬಿದ್ದ ಪಿಸ್ಟನ್, ರಿಂಗ್ ಎರಡನ್ನೂ ಬದಲಿಸಿ. ಸಿಲಿಂಡರಿಗೆ ಪಿಸ್ಟನ್ನಿನ ಅಲ್ಯುಮಿನಿಯಂ ಮೆತ್ತಿದ್ದರೆ ಮೆಕ್ಯಾನಿಕ್ ತೆಗೆದಾನು. ಒಳಲೇಪನವೇ ಎದ್ದಿದ್ದರೆ ಸಿಲಿಂಡರೂ ಹೊಸತೇ ಬೇಕು.

ಇನ್ನು, ಕೇಳಲು ಬರುವವರಿಗೆ ಇಲ್ಲವೆನ್ನುವುದು ಹೇಗೆಂದು ಕೇಳಿದ್ದೀರಿ. ಕೆಲಸ ಮುಗಿದೊಡನೆ ಚೈನ್, ಅದು ಸುತ್ತುವ ಪಟ್ಟಿ (ಬಾರ್) ಎರಡನ್ನೂ ಬಿಚ್ಚಿ ಬೀರುವಿನಲ್ಲಿಡಿ. "ಯಂತ್ರವೊಂದೇ ಬರುವುದಿಲ್ಲ, ಬೇಕಾದರೆ ನಾನೇ ಬಂದು ಕೊಯ್ದುಕೊಡುತ್ತೇನೆ" ಎನ್ನಿ. ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಹಾರೆ, ಗುದ್ದಲಿ ಕೇಳಿದರೆ ಮಾತ್ರ ಧಾರಾಳವಾಗಿ ಕೊಡಿ. ಅವನ್ನು ಕೆಡಿಸುವುದು ಅಷ್ಟು ಸುಲಭವಲ್ಲ.